ಜಯಕರ್ ಅಂಕಲ್ಲರ ಕಾರು ಕಾಯ್ದ ಮಳೆಗಾಲ

ಕಳೆದ ವಾರ ಈ ದ್ವೀಪದೇಶದ ಒನ್-ನಾರ್ತ್‌ನ ನಮ್ಮ ಆಫೀಸಿನ ಬೇಸ್‌ಮೆಂಟಿನಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ಹೊರಗೆ ಜೋರು ಮಳೆ. ಪಕ್ಕದಲ್ಲಿ ಯಾರೋ ಒಂದು ಹಳೆಯ ಕಾರಿನ ಬಾಗಿಲು ತೆಗೆದರು. ಬಹಳ ದಿನ ಮುಚ್ಚಿಟ್ಟಿದ್ದ ಗಾಡಿಯಿರಬೇಕು. ತೇವ ಹಿಡಿದ ಚರ್ಮದ ಸೀಟಿನ ಮುಗ್ಗಲು ವಾಸನೆ, ಅದರ ಜೊತೆ ಪೆಟ್ರೋಲಿನ ಘಾಟು, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಲಿಫ್ಟ್ ಬಂತು, ಹೋಯಿತು. ನಾನು ಹತ್ತಲಿಲ್ಲ. ಆಂಗ್ ಮೋ ಕಿಯೋದ ನಮ್ಮ ಹಳೇ ಬ್ಲಾಕಿನ ಪಕ್ಕದ ಕಾರ್ ಪಾರ್ಕು, ಗಡಿಗಳೆಲ್ಲ ಮುಚ್ಚಿದ್ದ ಆ ವರ್ಷದ ಮಳೆಗಾಲ, ಪಕ್ಕದ ಸೀಟಿನಲ್ಲಿ ಸೆರಗು ಬಿಗಿಹಿಡಿದು ಕೂತಿದ್ದ ನಮ್ಮತ್ತೆ, ಎಲ್ಲ ಎದುರಿಗೆ ಬಂದು ನಿಂತವು.

ಆ ವರ್ಷ ನಾವು ನಾಲ್ಕು ಜನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿದ್ದೆವು. ನನ್ನ ಗಂಡ ಗಿರೀಶನದು ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿ ಐಟಿ ಕೆಲಸ. ಅವನ ಆಫೀಸು ನಮ್ಮ ಬೆಡ್‌ರೂಮಿಗೆ ಬಂದು ಕೂತಿತ್ತು. ನನ್ನದು ಅಡುಗೆಮನೆಗೆ, ವಾಷಿಂಗ್ ಮೆಷಿನ್ನಿನ ಪಕ್ಕಕ್ಕೆ. ಒಂಬತ್ತು ವರ್ಷದ ಮಗಳು ಇಂಚರ ಹಾಲಿನಲ್ಲಿ. ಅವಳ ರೂಮಿನಲ್ಲಿ ಅತ್ತೆ. ಕಿಟಕಿಯಾಚೆ ಚಾಚುವ ಬಿದಿರು ಕೋಲಿಗೆ ಬಟ್ಟೆ ಹಾಕುವಂತಿರಲಿಲ್ಲ, ದಿನವೂ ಮಳೆ. ಒದ್ದೆ ಬಟ್ಟೆಯನ್ನು ಕುರ್ಚಿಗಳ ಮೇಲೆ, ಬಾಗಿಲುಗಳ ಮೇಲೆ ಹರಡುತ್ತಿದ್ದೆವು. ಅದು ಒಣಗುತ್ತಿರಲಿಲ್ಲ, ಮನೆಗೆಲ್ಲ ತನ್ನ ವಾಸನೆ ಹಚ್ಚುತ್ತಿತ್ತು. ಗಿರೀಶ ಬಾಗಿಲು ಹಾಕಿಕೊಂಡು ಮಾತಾಡಿದರೂ ಮನೆ ತುಂಬ ಅವನ ದನಿಯೇ. ಯಾರಾದರೂ ಮಿಕ್ಸಿ ಹಾಕಿದರೆ ಒಳಗಿಂದ ಗೋಡೆ ತಟ್ಟುತ್ತಿದ್ದ. ನಾನು ಒಬ್ಬಳೇ ಇರುತ್ತಿದ್ದದ್ದು ಬಚ್ಚಲುಮನೆಯಲ್ಲಿ ಮಾತ್ರ. ಅಲ್ಲೂ ಐದು ನಿಮಿಷ ಕಳೆದರೆ ಇಂಚರ ಬಾಗಿಲು ಬಡಿಯುತ್ತಿದ್ದಳು, "ಅಮ್ಮಾ, ಫಾಸ್ಟ್ ಲಾ!"

ಅತ್ತೆ ಬಂದಿದ್ದು ಮೂರು ತಿಂಗಳ ಮಟ್ಟಿಗೆ. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ರಿಟೈರ್ ಆದವರು. ಮಾವ ತೀರಿಕೊಂಡ ಮೇಲೆ ತಂಗಿ ಸರೋಜಮ್ಮನ ಜೊತೆ ಸರಸ್ವತಿಪುರದ ಮನೆಯಲ್ಲಿದ್ದರು. ಮಾವಿನಕಾಯಿ ಬರುವ ಹೊತ್ತಿಗೆ ವಾಪಸ್ ಹೋಗಿ ಉಪ್ಪಿನಕಾಯಿ ಹಾಕಬೇಕು ಎಂದು ಹೇಳಿಕೊಂಡೇ ಬಂದಿದ್ದರು. ಬಂದ ಸ್ವಲ್ಪ ದಿನಕ್ಕೆ ವಿಮಾನಗಳು ನಿಂತವು. ಆಮೇಲೆ ಸರ್ಕಾರ ಕಳಿಸುವ ವಿಮಾನಗಳು ಶುರುವಾದವು. ಆದರೆ ಪ್ರತಿ ಸಲವೂ ಗಿರೀಶ, "ಮುಂದಿನ ತಿಂಗ್ಳು ನೋಡೋಣಮ್ಮ. ಅಲ್ಲಿ ಕೇಸ್ ಎಷ್ಟಿದೆ ನೋಡು. ನಿಂಗೆ ಶುಗರ್ ಬೇರೆ. ಇಲ್ಲಿ ಸೇಫಾಗಿದೀಯ" ಅನ್ನುತ್ತಿದ್ದ. ಅತ್ತೆ ಹೂಂ ಅನ್ನುತ್ತಿದ್ದರು. ಸಂಜೆಯಾದರೆ ಫೋನ್ ಹಿಡಿದು ಕಾರಿಡಾರಿಗೆ ಹೋಗಿ, ಹನ್ನೆರಡನೇ ಮಹಡಿಯ ಗೋಡೆಗೆ ಒರಗಿ ತಂಗಿಯ ಜೊತೆ ಮಾತಾಡುತ್ತಿದ್ದರು. ಅವರ ದಿನ ಅಂದರೆ ಅಷ್ಟೇ.

ಈ ಹೊತ್ತಿಗೆ ಜಯಕರ್ ಅಂಕಲ್ ಒಂದು ದಿನ ಬಾಗಿಲು ತಟ್ಟಿದರು. ಅವರು ನಮ್ಮ ಬ್ಲಾಕಿನಲ್ಲೇ, ನಾಲ್ಕನೇ ಮಹಡಿಯಲ್ಲಿದ್ದವರು. ಕಾರ್ಕಳದ ಕಡೆಯವರು, ಹೆಂಡತಿ ಇಲ್ಲ, ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಊಟ, ಬಟ್ಟೆ ಎಲ್ಲದರಲ್ಲೂ ಹಿಡಿತದ ಮನುಷ್ಯ, ಒಂದೇ ಒಂದು ಶೋಕಿ ಇಟ್ಟುಕೊಂಡಿದ್ದರು. ಎರಡೇ ಸೀಟಿನ, ಬಟ್ಟೆಯ ಛಾವಣಿಯ, ನೆಲಕ್ಕಂಟಿದಂಥ ಒಂದು ಬೆಳ್ಳಿ ಬಣ್ಣದ ಸ್ಪೋರ್ಟ್ಸ್ ಕಾರು. ಅವರ ಮಗಳು ಕೆನಡಾದಲ್ಲಿ ಹೆರಿಗೆಗಿದ್ದಳು. ಡಾಕ್ಟರು ಪೂರ್ತಿ ಮಲಗಿರಲು ಹೇಳಿದ್ದರಂತೆ. ಇವರು ಹೋಗಲೇಬೇಕಿತ್ತು.

"ರೇಖಾ, ನೀವು ಒಂದು ಉಪಕಾರ ಮಾಡ್ಬೇಕು ಮಾರಾಯ್ರೆ" ಅಂದರು. "ಗೇರ್ ಇರೋ ಗಾಡಿ ಓಡಿಸ್ಲಿಕ್ಕೆ ಈ ಬ್ಲಾಕಲ್ಲಿ ನನಗೆ ಗೊತ್ತಿರೋದು ನೀವೊಬ್ರೆ. ನಾಲ್ಕು ತಿಂಗಳು ಸ್ವಲ್ಪ ನೋಡ್ಕೊಳ್ಳಿ."

ನಾನು ಮೈಸೂರಿನಲ್ಲಿ ಅಪ್ಪನ ಹಳೇ ಕಾರಿನಲ್ಲಿ ಕಲಿತವಳು, ಇಲ್ಲಿ ಬಂದು ಲೈಸೆನ್ಸ್ ಬದಲಾಯಿಸಿಕೊಂಡಿದ್ದೆ. ಗಿರೀಶನಿಗೆ ಇಲ್ಲಿನ ಲೈಸೆನ್ಸೇ ಇರಲಿಲ್ಲ. ನಾನು ಯೋಚನೆ ಕೂಡ ಮಾಡದೆ ಒಪ್ಪಿಕೊಂಡೆ. ಅಂಕಲ್ ಇನ್ಶೂರೆನ್ಸಿಗೆ ನನ್ನ ಹೆಸರು ಸೇರಿಸಿ, ಕಾರ್ ಪಾರ್ಕಿಗೆ ಕರೆದುಕೊಂಡು ಹೋಗಿ ಪಾಠ ಮಾಡಿದರು. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತೇವಕ್ಕೆ ಅಂಟಿಕೊಳ್ಳುತ್ತದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಬೇಕು. ಒಂದೇ ಕಡೆ ನಿಂತರೆ ಟೈರು ಚಪ್ಪಟೆಯಾಗುತ್ತದೆ. ತೇವ ಎಳೆಯುವ ಹರಳಿನ ಡಬ್ಬಿಗಳನ್ನು ಸೀಟಿನ ಕೆಳಗೆ ಇಟ್ಟಿರಬೇಕು, ನೀರು ತುಂಬಿದ ಹಾಗೆ ಬದಲಾಯಿಸಬೇಕು, ಇಲ್ಲದಿದ್ದರೆ ಚರ್ಮಕ್ಕೆ ಬೂಷ್ಟು. ಛಾವಣಿ ಒದ್ದೆಯಿದ್ದಾಗ ಮಡಚಲೇಬಾರದು.

"ಮಗಳ ಊರಲ್ಲಿ ಇಂಥ ಗಾಡಿಯನ್ನು ಚಳಿಗಾಲ ಪೂರ್ತಿ ಬ್ಯಾಟರಿ ಬಿಚ್ಚಿ, ಕಂಬಳಿ ಹೊದೆಸಿ ಮಲಗಿಸ್ತಾರಂತೆ. ಇಲ್ಲಿ ಹಾಗೆ ಮಾಡಿದ್ರೆ ಬೂಷ್ಟೇ ತಿಂದುಬಿಡ್ತದೆ. ವಾರಕ್ಕೊಮ್ಮೆ ಓಡಿಸ್ಲೇಬೇಕು. ನಿಲ್ಸಿದಲ್ಲೇ ಎಂಜಿನ್ ಆನ್ ಇಡ್ಲಿಕ್ಕೆ ಹೋಗ್ಬೇಡಿ, ಫೈನ್ ಹಾಕ್ತಾರೆ."

ಹೀಗೆ ನವೆಂಬರಿನಿಂದ ಭಾನುವಾರ ಬೆಳಗ್ಗೆ ನನಗೆ ಮನೆಯಿಂದ ಹೊರಗೆ ಹೋಗಲು ಒಂದು ಕಾರಣ ಸಿಕ್ಕಿತು. ಮೊದಲ ದಿನ ಇಳಿಜಾರಿನಲ್ಲಿ ಎರಡು ಸಲ ಎಂಜಿನ್ ನಿಂತುಹೋಯಿತು. ಆಮೇಲೆ ಕೈಗೆ ಬಂತು. ಆದರೆ ನಾನು ಕಾಯುತ್ತಿದ್ದದ್ದು ಓಡಿಸುವುದಕ್ಕಲ್ಲ. ಬಾಗಿಲು ಎಳೆದುಕೊಂಡ ಮೇಲೆ, ಕೀ ತಿರುಗಿಸುವ ಮೊದಲು, ಯಾರ ದನಿಯೂ ಇಲ್ಲದೆ ಕೂರುವ ಆ ಸ್ವಲ್ಪ ಹೊತ್ತಿಗೆ. ಬಹುಮಹಡಿ ಕಾರ್ ಪಾರ್ಕಿನ ನಾಲ್ಕನೇ ಮಹಡಿಯ ಅಂಚಿನಲ್ಲಿ ನಿಂತಿದ್ದ ಆ ಕಾರಿನ ಮುಂದೆ ಮಳೆ ಪರದೆಯ ಹಾಗೆ ಇಳಿಯುತ್ತಿತ್ತು. ನಾನು ಸ್ಟಿಯರಿಂಗಿಗೆ ಹಣೆ ಕೊಟ್ಟು ಸುಮ್ಮನೆ ಇರುತ್ತಿದ್ದೆ.

ಮೂರನೆಯದೋ ನಾಲ್ಕನೆಯದೋ ಭಾನುವಾರ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ಲೇನೆ? ಮನೇಲಿ ಕೂತು ಕೂತು ಕಾಲು ಊದ್ಕೊಂಡಿದೆ."

ಬರಬೇಡಿ ಎನ್ನಲು ಆಗಲಿಲ್ಲ. ನನ್ನದೆಂದು ಇದ್ದ ಅಷ್ಟು ಹೊತ್ತೂ ಹೋಯಿತಲ್ಲ ಎಂದು ಲಿಫ್ಟಿನಲ್ಲಿ ಮಹಡಿಯ ಅಂಕಿಗಳನ್ನೇ ನೋಡುತ್ತ ನಿಂತೆ. ಅತ್ತೆ ಸೀರೆ ಎತ್ತಿ ಹಿಡಿದು, ಬಾಗಿಲ ಮೇಲ್ಭಾಗ ಹಿಡಿದು, ಹಿಂದೆ ವಾಲಿ ಧೊಪ್ಪನೆ ಸೀಟಿಗೆ ಬಿದ್ದರು. "ಅಯ್ಯೋ, ಮಣೆ ಮೇಲೆ ಕೂತಂಗಿದೆ ಕಣೆ. ಎದ್ದೇಳೋವಾಗ ನೀನೇ ಎಳೀಬೇಕು" ಎಂದು ನಕ್ಕರು. ಅವರು ನಕ್ಕದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತು.

ಅಲ್ಲಿಂದ ಮುಂದೆ ಇಬ್ಬರೇ ಹೋಗುತ್ತಿದ್ದೆವು. ಆ ಕಾರು ಉದ್ದ ದಾರಿಗೆ ಹುಟ್ಟಿದ್ದು. ಈ ದ್ವೀಪದಲ್ಲಿ ಯಾವ ಕಡೆ ತಿರುಗಿಸಿದರೂ ಎಂಜಿನ್ ಬೆಚ್ಚಗಾಗುವಷ್ಟರಲ್ಲಿ ಸಮುದ್ರ. ಒಮ್ಮೆ ಉತ್ತರದ ತುದಿಗೆ, ವುಡ್‌ಲ್ಯಾಂಡ್ಸ್‌ನ ನೀರಂಚಿಗೆ ಹೋದೆವು. ಮಳೆ ಒಂದಿಷ್ಟು ಬಿಟ್ಟಿತ್ತು. ಎದುರಿಗೇ ಜೊಹೋರ್‌ನ ಕಟ್ಟಡಗಳು. ಕಿಟಕಿಗೆ ಹಾಕಿದ ಬಟ್ಟೆ ಕೂಡ ಕಾಣುವಷ್ಟು ಹತ್ತಿರ. ನಡುವಿನ ಸೇತುವೆಯ ಮೇಲೆ ನಾಲ್ಕಾರು ಲಾರಿಗಳು ಬಿಟ್ಟರೆ ಏನೂ ಇಲ್ಲ.

"ಅದು ಬೇರೆ ದೇಶಾನಾ?" ಅತ್ತೆ ಕೇಳಿದರು.

"ಹೂಂ ಅತ್ತೆ, ಮಲೇಷಿಯಾ. ಮೊದ್ಲು ಪೆಟ್ರೋಲ್ ಹಾಕ್ಸೋಕೆ, ಊಟಕ್ಕೆ ಅಂತ ಹೋಗಿ ಬರೋರು. ಈಗ ಬಿಡಲ್ಲ."

ಅವರು ಬಹಳ ಹೊತ್ತು ನೋಡಿದರು. "ಈಜ್ಕೊಂಡು ಹೋಗೋವಷ್ಟು ಹತ್ರ ಇದ್ಯಲ್ಲೇ." ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು, "ರೇಖಾ, ನಂಗೆ ಊರಿಗೆ ಹೋಗ್ಬೇಕು. ಸರೋಜಿಗೆ ಮೆಟ್ಲು ಹತ್ತಿದ್ರೆ ಏದುಸಿರು ಬರ್ತಿದ್ಯಂತೆ. ಗಿರಿಗೆ ಹೇಳಿದ್ರೆ, ಆನ್‌ಲೈನಲ್ಲಿ ಡಾಕ್ಟರ್ ಬುಕ್ ಮಾಡ್ತೀನಿ ಅಂತಾನೆ. ಅವ್ಳಿಗೆ ಬೇಕಾಗಿರೋದು ನಾನು ಕಣೆ."

ಆ ದಿನ ಮಧ್ಯಾಹ್ನ ಗಿರೀಶನಿಗೆ ಹೇಳಿದೆ. ಅವನು ಲ್ಯಾಪ್‌ಟಾಪಿನಿಂದ ಮುಖ ಎತ್ತಿ, "ಈ ಸಾಫ್ಟ್‌ವೇರ್ ರಿಲೀಸ್ ಮುಗೀಲಿ, ಕೂತ್ಕೊಂಡು ಮಾತಾಡೋಣ" ಅಂದ. ಅವನು ಕೆಟ್ಟವನಲ್ಲ. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಬರುತ್ತಿದ್ದ ಸಾವಿನ ಸುದ್ದಿಗಳನ್ನು ಒಂದೂ ಬಿಡದೆ ಓದುತ್ತಿದ್ದ. ಅಮ್ಮ ಕಣ್ಣೆದುರಿಗಿದ್ದಾಳೆ ಎಂಬುದೊಂದೇ ಅವನಿಗಿದ್ದ ಧೈರ್ಯ.

ರಿಲೀಸ್ ಮುಗಿಯುವ ಮೊದಲೇ ಸರೋಜ ಚಿಕ್ಕಮ್ಮ ಹೋಗಿಬಿಟ್ಟರು. ಡಿಸೆಂಬರಿನ ಒಂದು ಬೆಳಗ್ಗೆ, ಹಾಲು ತೆಗೆದುಕೊಳ್ಳಲು ಬಾಗಿಲಿಗೆ ಬಂದವರು ಅಲ್ಲೇ ಕುಸಿದರಂತೆ. ಹೃದಯ. ಪಕ್ಕದ ಮನೆಯವರು ಫೋನ್ ಮಾಡಿದರು. ಅತ್ತೆಯ ಅಣ್ಣನ ಮಗ ಶ್ರೀನಿವಾಸ ಬಂದು ಎಲ್ಲ ವಹಿಸಿಕೊಂಡ. ಅಂದೇ ಮಧ್ಯಾಹ್ನ ಸಂಸ್ಕಾರ. ಎಷ್ಟು ಬೇಗ ಹೊರಟರೂ ಇಲ್ಲಿಂದ ಮುಟ್ಟುವ ಮಾತೇ ಇರಲಿಲ್ಲ. ಗಿರೀಶ ಅಮ್ಮನ ಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಬೆಡ್‌ರೂಮಿನಿಂದ ಲ್ಯಾಪ್‌ಟಾಪಿನಲ್ಲಿ ಮೀಟಿಂಗಿನವರು ಅವನನ್ನು ಕರೆಯುವ ಸದ್ದು ಬಂತು, ಒಳಗೆ ಹೋದ.

ಅತ್ತೆ ಅಳಲಿಲ್ಲ. ಇಂಚರಳ ಮಂಚದ ತುದಿಯಲ್ಲಿ ಫೋನ್ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಾಲಿನಲ್ಲಿ ಇಂಚರ ಏನೋ ನೋಡಿ ನಗುತ್ತಿದ್ದಳು. ಗೋಡೆಯಾಚೆ ಗಿರೀಶ ಯಾರಿಗೋ ಏನನ್ನೋ ವಿವರಿಸುತ್ತಿದ್ದ. ಶ್ರೀನಿವಾಸನ ವಿಡಿಯೋ ಕಾಲ್ ಬಂದಾಗ ಅತ್ತೆ ಎದ್ದು ನನ್ನ ಬಳಿ ಬಂದು ಪಿಸುಗುಟ್ಟಿದರು. "ಇಲ್ಲಿ ಬೇಡ. ಕೆಳಗೆ ಕಾರಿಗೆ ಹೋಗೋಣ ನಡಿ."

ಪಕ್ಕದ ಮನೆಯ ಹುಡುಗಿಯ ಜೊತೆ ಇಂಚರಳನ್ನು ಬಿಟ್ಟು ಹೋದೆವು. ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡೆವು. ನಾನು ಫೋನನ್ನು ಡ್ಯಾಶ್‌ಬೋರ್ಡಿಗೆ ಒರಗಿಸಿ ಹಿಡಿದೆ. ಚಿತ್ರ ಹೆಪ್ಪುಗಟ್ಟುತ್ತಿತ್ತು, ಮತ್ತೆ ಓಡುತ್ತಿತ್ತು. ಮಾಸ್ಕ್ ಹಾಕಿಕೊಂಡ ನಾಲ್ಕೈದು ಜನ, ಮೈಸೂರಿನ ಒಣ ಬಿಸಿಲು, ಚಿಕ್ಕಮ್ಮನ ಮುಖದ ಪಕ್ಕಕ್ಕೆ ಇಟ್ಟ ಹೂವು. "ಅತ್ತೆ, ಕಾಣ್ಸುತ್ತಾ? ಹತ್ರ ತರ್ಲಾ?" ಎಂದು ಶ್ರೀನಿವಾಸ ಕೇಳಿದ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅತ್ತೆ ಕೂಗಿದರು. ಹೆಸರಲ್ಲ, ಮಾತಲ್ಲ, ಒಂದೇ ಕೂಗು. ಆ ಸಣ್ಣ ಕಾರಿನಲ್ಲಿ ಅದು ನನ್ನ ಎದೆಗೇ ತಗುಲಿತು. ಕಿಟಕಿಗಳೆಲ್ಲ ನಮ್ಮ ಉಸಿರಿಗೆ ಮಂಜುಗಟ್ಟಿದವು. ಅವರು ಮುಂದೆ ಬಾಗಿ ಎರಡೂ ಕೈಗಳಿಂದ ಡ್ಯಾಶ್‌ಬೋರ್ಡನ್ನು ಬಡಿದರು. "ಒಬ್ಳೇ ಹೋದ್ಯಲ್ಲೇ ಸರೋಜಿ... ಒಬ್ಳೇ ಬಿಟ್ಬಿಟ್ನಲ್ಲೇ ನಿನ್ನ..." ನಾನು ಹಿಡಿದುಕೊಳ್ಳಲು ಹೋದೆ. ನಡುವೆ ಗೇರು. ಅರ್ಧ ತಬ್ಬಿ, ಹಾಗೇ ಇದ್ದೆ.

ಎಷ್ಟು ಹೊತ್ತಾಯಿತೋ. ಯಾರೋ ಗಾಜು ತಟ್ಟಿದರು. ಆ ಮಹಡಿಯಲ್ಲಿ ದಿನವೂ ವಾಕಿಂಗ್ ಮಾಡುತ್ತಿದ್ದ ಒಬ್ಬ ಚೀನೀ ಮುದುಕರು. ನಾನು ಗಾಜು ಇಳಿಸಿದೆ. ಅವರು ಒಳಗೆ ಇಣುಕಲಿಲ್ಲ. "ಆಂಟಿ ಓಕೆ ಆ?" ಎಂದು ಕೇಳಿದರು. ಅವರ ತಂಗಿ ಹೋದರು, ಇಂಡಿಯಾದಲ್ಲಿ, ಎಂದೆ. ಅವರು ತಲೆಯಾಡಿಸಿ, ಪ್ಯಾಂಟಿನ ಜೇಬಿನಿಂದ ಟಿಶ್ಯೂ ಪ್ಯಾಕೆಟ್ ತೆಗೆದು ನನ್ನ ಕೈಗಿಟ್ಟು ನಡೆದುಹೋದರು. ಆ ಇಡೀ ದಿನ ಸಾವಿಗೆಂದು ನಮ್ಮ ಬಳಿ ಬಂದವರು ಅವರೊಬ್ಬರೇ.

ಹದಿಮೂರು ದಿನದ ಕೆಲಸಗಳನ್ನೆಲ್ಲ ಶ್ರೀನಿವಾಸ ಮುಗಿಸಿದ. ಅದಾದ ಮರುದಿನ ರಾತ್ರಿಯೂಟಕ್ಕೆ ಕೂತಾಗ ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿದರು.

"ಗಿರಿ, ನಂಗೆ ಟಿಕೆಟ್ ತೆಗಿ."

"ಅಮ್ಮ, ಈಗ ಹೋಗಿ ಏನ್ಮಾಡ್ತೀಯ? ಚಿಕ್ಕಮ್ಮನೇ ಇಲ್ಲ. ಇಲ್ಲಿ ಸೇಫಾಗಿ—"

"ಸೇಫಾಗಿ ಇದ್ದು ಏನು ಮಾಡ್ಲೋ ನಾನು?"

ಅವನು ನನ್ನ ಮುಖ ನೋಡಿದ, ಸಮಾಧಾನ ಹೇಳು ಅನ್ನುವ ಹಾಗೆ. ನಾನು ಅಂದೆ, "ಮುಂದಿನ ತಿಂಗ್ಳು ಬೆಂಗ್ಳೂರಿಗೆ ಫ್ಲೈಟ್ ಇದೆ. ನಾನು ನೋಡಿದೀನಿ. ಬುಕ್ ಮಾಡ್ತೀನಿ."

"ಅಲ್ಲಿ ಏನಾದ್ರೂ ಆದ್ರೆ ನೀನು ಜವಾಬ್ದಾರಿನಾ?" ಅವನ ದನಿ ಏರಿತ್ತು. ಇಂಚರ ಚಮಚ ಹಿಡಿದುಕೊಂಡು ಒಬ್ಬೊಬ್ಬರ ಮುಖ ನೋಡುತ್ತಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ಅವ್ಳೂ ಅಲ್ಲ, ನೀನೂ ಅಲ್ಲ. ನನ್ನ ಜವಾಬ್ದಾರಿ ನಂದು. ನೀನು ನನ್ನ ಬಚ್ಚಿಟ್ಕೊಂಡಿದ್ದು ಸಾಕು ಕಣಪ್ಪ."

ಅವನು ಎದ್ದು ಒಳಗೆ ಹೋದ. ಅವನ ಸಿಟ್ಟು ಹೊರಡುವ ದಿನದವರೆಗೂ ಇತ್ತು. ಆದರೂ ಸೋಂಕಿನ ಪರೀಕ್ಷೆ, ಅದರ ಸರ್ಟಿಫಿಕೇಟು, ಇನ್ಸುಲಿನ್ ಇಡುವ ಪುಟ್ಟ ಪೆಟ್ಟಿಗೆ, ಎಲ್ಲವನ್ನೂ ಮಾತಿಲ್ಲದೆ ಅವನೇ ಹೊಂದಿಸಿದ. ಎರಡು ಸೀಟಿನ ಕಾರಿನಲ್ಲಿ ಸೂಟ್‌ಕೇಸ್ ಹಿಡಿಯುವುದಿಲ್ಲ, ಎಲ್ಲರೂ ಟ್ಯಾಕ್ಸಿಯಲ್ಲೇ ಹೋಗೋಣ ಅಂದ. ಅತ್ತೆ ಒಪ್ಪಲಿಲ್ಲ. "ನಾನು ನನ್ನ ಕಾರಲ್ಲೇ ಹೋಗೋದು." ಕಡೆಗೆ ಅವನು, ಇಂಚರ, ಸಾಮಾನು ಟ್ಯಾಕ್ಸಿಯಲ್ಲಿ. ನಾವಿಬ್ಬರೂ ಮುಂದೆ.

ಜನವರಿಯ ಆ ಬೆಳಗ್ಗೆ ವೈಪರ್ ಎಷ್ಟು ಬೀಸಿದರೂ ರಸ್ತೆ ಕಾಣುತ್ತಿರಲಿಲ್ಲ. ಛಾವಣಿಯ ಹೊಲಿಗೆಯಿಂದ ನನ್ನ ಭುಜಕ್ಕೆ ಹನಿಯುತ್ತಿತ್ತು. ಅತ್ತೆ ತಮ್ಮ ಕರ್ಚೀಫು ಚೌಕಾಕಾರಕ್ಕೆ ಮಡಚಿ ಅಲ್ಲಿಗೆ ಒತ್ತಿ ಹಿಡಿದುಕೊಂಡೇ ಚಾಂಗಿಯ ಏರ್‌ಪೋರ್ಟಿನವರೆಗೂ ಬಂದರು. ಹೆದ್ದಾರಿಯಲ್ಲಿ ಮಳೆ ಒಮ್ಮೆ ತುಸು ತಗ್ಗಿದಾಗ, "ಸ್ವಲ್ಪ ಜೋರಾಗಿ ಹೋಗೇ, ಇದು ಓಡೋ ಗಾಡಿ ಅಂದ್ಯಲ್ಲ" ಅಂದರು. ನಾನು ನಿಯಮ ಒಪ್ಪುವಷ್ಟು ಆಕ್ಸಲರೇಟರ್ ಒತ್ತಿದೆ. ಎಂಜಿನ್ ಗುಡುಗಿತು. ಅವರು ಸೀಟಿನ ಅಂಚು ಹಿಡಿದುಕೊಂಡು ನೇರ ಮುಂದೆ ನೋಡುತ್ತಿದ್ದರು. ಕಣ್ಣಲ್ಲಿ ನೀರಿರಲಿಲ್ಲ.

ಏರ್‌ಪೋರ್ಟಿನ ಒಳಗೆ ಗಿರೀಶ ಅಮ್ಮನ ಮಾಸ್ಕನ್ನು ಎರಡೆರಡು ಸಲ ಸರಿ ಮಾಡಿದ. "ಇಳಿದ ತಕ್ಷಣ ಫೋನ್ ಮಾಡು. ಯಾರ ಹತ್ರನೂ ಹೋಗ್ಬೇಡ. ನೀರು ಕುಡಿಯೋವಾಗ್ಲೂ..." ಅತ್ತೆ ಅವನ ಕೆನ್ನೆ ಮುಟ್ಟಿದರು. "ಆಯ್ತು ಕಣೋ." ನನ್ನ ಕೈಯನ್ನು ಒಮ್ಮೆ ಹಿಡಿದು, ಅದುಮಿ, ಬಿಟ್ಟರು. ಗಾಜಿನಾಚೆ ಹೋದ ಮೇಲೆ ತಿರುಗಿ ನೋಡಲಿಲ್ಲ.

ಗಿರೀಶನ ಭಯ ಸುಳ್ಳಾಗಿರಲಿಲ್ಲ. ಬೇಸಿಗೆಯ ಎರಡನೇ ಅಲೆಯಲ್ಲಿ ಅತ್ತೆಗೂ ಕಾಯಿಲೆ ತಗುಲಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವವರೆಗೆ ನಾವಿಬ್ಬರೂ ಇಲ್ಲಿ ನಿದ್ದೆ ಮಾಡಲಿಲ್ಲ. ಆ ದಿನಗಳಲ್ಲಿ ಅವನು ನನ್ನನ್ನು ಒಂದು ಮಾತು ಕೂಡ ಅನ್ನಲಿಲ್ಲ, ಅದೇ ಹೆಚ್ಚು ಕಷ್ಟವಾಗುತ್ತಿತ್ತು. ಅವರು ಗುಣವಾಗಿ ಬಂದರು. ಈಗ ಮನೆಯ ಮೇಲಿನ ಭಾಗವನ್ನು ತಮ್ಮ ಜೊತೆ ಎಕ್ಸ್‌ಚೇಂಜಿನಲ್ಲಿದ್ದ ಗೆಳತಿಗೆ ಕೊಟ್ಟಿದ್ದಾರೆ. ಇಬ್ಬರೂ ಸೇರಿ ಕಾರು ಕಲಿಯಲು ಹೋಗಿ, ಗೇಟಿಗೆ ಗುದ್ದಿ, ಬಿಟ್ಟುಬಿಟ್ಟರಂತೆ. ಜಯಕರ್ ಅಂಕಲ್ ಆ ಅಲೆಗೂ ಮೊದಲೇ, ಮಾರ್ಚಿನಲ್ಲಿ ಬಂದರು, ಮೊಮ್ಮಗಳ ಫೋಟೋಗಳ ಜೊತೆ. ಕಾರಿನ ಸುತ್ತ ಒಂದು ಸುತ್ತು ಬಂದು, ಸೀಟು ಮೂಸಿ ನೋಡಿ, "ಬೂಷ್ಟು ಇಲ್ಲ ಮಾರಾಯ್ರೆ!" ಎಂದು ಸಂತೋಷಪಟ್ಟರು. ಆ ಗಾಡಿಗೆ ಇಲ್ಲಿ ರಸ್ತೆಯ ಮೇಲಿರಲು ಇದ್ದ ಹತ್ತು ವರ್ಷದ ಪರವಾನಗಿ ಅದೇ ವರ್ಷ ಮುಗಿಯಿತು. ಅವರು ಇಲ್ಲಿನ ನಿಯಮದಂತೆ ಗಾಡಿಯನ್ನು ಒಪ್ಪಿಸಿ, ಮಗಳಿದ್ದಲ್ಲಿಗೇ ಹೊರಟುಹೋದರು.

ಆದರೆ ಅಂಕಲ್ ಬರುವ ಮೊದಲು, ಅತ್ತೆ ಊರಿಗೆ ಹೋದ ವಾರದಲ್ಲೇ, ಒಂದು ಭಾನುವಾರ ನಾನು ಕೀ ತೆಗೆದುಕೊಂಡಾಗ ಗಿರೀಶ ಬೆಡ್‌ರೂಮಿನಿಂದ ಹೊರಗೆ ಬಂದ. ಇಂಚರ ಗೆಳತಿಯ ಮನೆಯಲ್ಲಿದ್ದಳು. "ನಾನೂ ಬರ್ಲಾ?" ಅಂದ. ಅಷ್ಟು ತಿಂಗಳಲ್ಲಿ ಅವನು ಆ ಕಾರನ್ನು ಹತ್ತಿರದಿಂದ ನೋಡಿಯೂ ಇರಲಿಲ್ಲ.

ಅವನ ಮಂಡಿಗಳು ಡ್ಯಾಶ್‌ಬೋರ್ಡಿಗೆ ತಾಗುತ್ತಿದ್ದವು. ಸೀಟು ಹಿಂದೆ ಸರಿಸಲು ತೋರಿಸಿಕೊಟ್ಟೆ. ನಾನು ಕೀ ತಿರುಗಿಸಲು ಹೋದಾಗ, "ಇರು" ಅಂದ.

ಸೀಟ್ ಬೆಲ್ಟ್ ಬಿಚ್ಚಿಕೊಂಡು ಹೇಳತೊಡಗಿದ. "ಅವತ್ತು ಚಿಕ್ಕಮ್ಮಂದು ನೀವು ಇಲ್ಲಿ ನೋಡಿದ್ರಲ್ಲ, ನಾನೂ ನೋಡ್ದೆ. ಶ್ರೀನಿವಾಸ ಲಿಂಕ್ ಕಳ್ಸಿದ್ದ. ಇನ್ನೊಂದು ಸ್ಕ್ರೀನಲ್ಲಿ ಹಾಕ್ಕೊಂಡಿದ್ದೆ. ಕ್ಯಾಮೆರಾ ಆಫ್ ಮಾಡಿ, ಮ್ಯೂಟ್ ಮಾಡಿ. ಅಮ್ಮಂಗೆ ನೈಟ್ ಶಿಫ್ಟ್ ಇದ್ದಾಗೆಲ್ಲ ನನ್ನ ಮಲಗಿಸ್ತಿದ್ದಿದ್ದು ಚಿಕ್ಕಮ್ಮ, ಗೊತ್ತಲ್ಲ ನಿಂಗೆ. ಬಾಯಿಗೆ ಅಕ್ಕಿ ಹಾಕೋಕೆ ಶುರು ಮಾಡಿದ್ರು. ಆಗ ಮೀಟಿಂಗಲ್ಲಿ ನನ್ನ ಹೆಸರು ಕರೆದ್ರು. ಗಿರೀಶ್, ಆರ್ ಯೂ ದೇರ್, ಯಾವಾಗ ರೆಡಿಯಾಗುತ್ತೆ, ಅಂತ."

"ಮತ್ತೆ?"

"ಅನ್‌ಮ್ಯೂಟ್ ಮಾಡ್ದೆ. ಶುಕ್ರವಾರ, ಅಂದೆ."

ಅವನು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಗಾಜಿನಾಚೆ ನೋಡುತ್ತಿದ್ದ. ನಾನು ಪಕ್ಕದಲ್ಲಿರುವವರೆಗೆ ಅವನು ಅಳುವನ್ನು ಹಿಡಿದೇ ಇಟ್ಟುಕೊಳ್ಳುತ್ತಾನೆಂದು ಗೊತ್ತಾಯಿತು. ಇಳಿದು, ನನ್ನ ಕಡೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಗೋಡೆಯ ಅಂಚಿಗೆ ಹೋಗಿ ನಿಂತೆ. ಕೆಳಗೆ ಯಾರೋ ಬಿದಿರು ಕೋಲಿಗೆ ಬಟ್ಟೆ ಹಾಕುತ್ತಿದ್ದರು. ಹಿಂದಿನಿಂದ ಅವನ ದನಿ ಕೇಳತೊಡಗಿತು. ಅವನೇ ಬಾಗಿಲು ತೆಗೆಯುವವರೆಗೂ ನಾನು ತಿರುಗಲಿಲ್ಲ.